ಮುಚ್ಚಿದ ದತ್ತು ಸಂಸ್ಥೆ, ಉಳಿದ ಕಡತಗಳು

ಪ್ರಶ್ನೆ: ನ್ಯೂಯಾರ್ಕ್‌ನ ‘ಲೂಯೀಸ್ ವೈಸ್ ಸರ್ವಿಸಸ್’ ಎಂಬ ಲಾಭರಹಿತ ದತ್ತು ಸಂಸ್ಥೆ 1916ರಲ್ಲಿ ಹುಟ್ಟಿ 2004ರಲ್ಲಿ ಬಾಗಿಲು ಹಾಕಿತೆಂದು ಓದಿದೆ. ಅಷ್ಟು ಹೆಸರು ಮಾಡಿದ ಸಂಸ್ಥೆ ಯಾಕೆ ಹುಟ್ಟಿತು, ಯಾಕೆ ಮುಚ್ಚಿತು? ಲಾಭ ಬೇಡ ಎನ್ನುವ ಸಂಸ್ಥೆಗಳು ಶುಲ್ಕ ಪಡೆಯುವುದು ಹೇಗೆ? ಮುಚ್ಚಿದ ಮೇಲೆ ಆ ಮಕ್ಕಳ ಕಡತಗಳು ಏನಾದವು? ಇಂಥ ಸಂಸ್ಥೆಯ ಇತಿಹಾಸ ಬರೆಯಲು ಹೊರಟವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕಡತದಿಂದ ಶುರು ಮಾಡಿ. ದತ್ತು ಸಂಸ್ಥೆಯ ಕಟ್ಟಡ ಮಾರಾಟವಾಗುತ್ತದೆ, ಹೆಸರು ಬದಲಾಗುತ್ತದೆ, ಆಡಳಿತ ಮಂಡಳಿ ಚದುರಿಹೋಗುತ್ತದೆ. ಆದರೆ ಅಲ್ಲಿಂದ ಹೊರಟ ಮಗು ಎಪ್ಪತ್ತು ದಾಟಿದ ಮೇಲೂ ಒಂದು ದಿನ ಬಂದು ‘ನನ್ನನ್ನು ಹೆತ್ತವರು ಯಾರು’ ಎಂದು ಕೇಳಬಹುದು. ಉತ್ತರ ಇರುವುದು ಒಂದು ರಟ್ಟಿನ ಫೋಲ್ಡರಿನಲ್ಲಿ. ಅದರೊಳಗೆ ಯಾರು ಏನು ಬರೆದರು, ಯಾರಿಗೆ ಏನು ಹೇಳಿದರು, ಯಾರಿಂದ ಏನು ಬಚ್ಚಿಟ್ಟರು ಎಂಬುದೇ ಸಂಸ್ಥೆಯ ಚರಿತ್ರೆ. ಸ್ಥಾಪಕರ ಭಾವಚಿತ್ರ, ಉತ್ಸವದ ಸ್ಮರಣ ಸಂಚಿಕೆ ಎಲ್ಲ ಆಮೇಲೆ.

ಅಮೆರಿಕದಲ್ಲಿ ದತ್ತು ಕಾನೂನು ಬಂದದ್ದು ಮೊದಲು, ದತ್ತು ಸಂಸ್ಥೆ ಬಂದದ್ದು ತಡವಾಗಿ. ಮ್ಯಾಸಚೂಸೆಟ್ಸ್ ರಾಜ್ಯ 1851ರಲ್ಲೇ ದತ್ತು ಕಾಯ್ದೆ ಮಾಡಿ, ದತ್ತು ಕೊಡುವುದು ತಕ್ಕದ್ದೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು ಎಂದಿತು. ಮನವರಿಕೆ ಮಾಡಿಕೊಡುವವರು ಯಾರು ಎಂಬುದನ್ನು ಕಾಯ್ದೆ ಹೇಳಲಿಲ್ಲ. ಆ ಖಾಲಿ ಜಾಗ ತುಂಬಿದ್ದು 1917ರ ಮಿನ್ನೆಸೋಟ ಕಾನೂನು: ದತ್ತು ಕೊಡುವ ಮುನ್ನ ಮನೆಯ ವಿಚಾರಣೆ ನಡೆದು ಬರಹದಲ್ಲಿ ವರದಿ ಬರಬೇಕು, ನ್ಯಾಯಾಲಯದ ದಾಖಲೆ ಹೊರಗಿನವರಿಗೆ ಸಿಗಬಾರದು. ಈ ಎರಡು ನಿಯಮ ಒಟ್ಟಿಗೆ ಹುಟ್ಟಿದ್ದನ್ನು ಗಮನಿಸಿ. ವರದಿ ಬರೆಯುವ ಕಾರ್ಯಕರ್ತೆ, ಆ ವರದಿಗೆ ಬೀಗ: ಮುಂದಿನ ನೂರು ವರ್ಷ ದತ್ತು ಸಂಸ್ಥೆಗಳ ಬಲ ಮತ್ತು ತಪ್ಪು ಎರಡೂ ಈ ಜೋಡಿಯಿಂದಲೇ ಬಂದವು.

ಕಾನೂನಿಗಿಂತ ಒತ್ತಾಯದ ಕಾರಣ ಇನ್ನೊಂದಿತ್ತು: ಶಿಶುಗಳ ಸಾವು. ನ್ಯೂಯಾರ್ಕ್‌ನ ಮಕ್ಕಳ ವೈದ್ಯ ಡಾ. ಹೆನ್ರಿ ಡ್ವೈಟ್ ಚಾಪಿನ್ 1915ರಲ್ಲಿ ಹತ್ತು ಶಿಶು ಆಶ್ರಮಗಳ ಲೆಕ್ಕ ಮುಂದಿಟ್ಟರು. ಒಂದನ್ನು ಬಿಟ್ಟು ಉಳಿದೆಲ್ಲ ಕಡೆ, ಸೇರಿಸಿಕೊಂಡ ಎರಡು ವರ್ಷದೊಳಗಿನ ಮಕ್ಕಳಲ್ಲಿ ಒಂದೂ ಬದುಕಿರಲಿಲ್ಲ. ಸಾಲುಸಾಲು ತೊಟ್ಟಿಲು, ಒಬ್ಬಳೇ ದಾದಿ, ಹರಡುವ ಭೇದಿ, ಎತ್ತಿಕೊಳ್ಳುವ ಕೈ ಇಲ್ಲ. ಮಗುವಿಗೆ ಬೇಕಾದದ್ದು ಆಶ್ರಮವಲ್ಲ, ಮನೆ ಎಂಬ ಮಾತಿಗೆ ಅಂಕಿಯ ಆಧಾರ ಸಿಕ್ಕಿದ್ದು ಹೀಗೆ. ಆಗಿನ ಸಮಾಜ ಸುಧಾರಕರು ದತ್ತು ಎಂದರೆ ಹಿಂಜರಿಯುತ್ತಿದ್ದುದಕ್ಕೂ ಹಾಲೇ ಕಾರಣ ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಎದೆಹಾಲು ತಪ್ಪಿದ ಕೂಸು ಉಳಿಯುವುದೇ ಅನುಮಾನವಾಗಿದ್ದಾಗ, ತಾಯಿಯಿಂದ ಬೇರೆ ಮಾಡಬಾರದೆಂದು ಅವರು ಹಟ ಹಿಡಿದದ್ದು ಸರಿಯಾಗಿಯೇ ಇತ್ತು. ಪ್ಯಾಶ್ಚರೀಕರಿಸಿದ ಹಾಲು, ಅಳತೆಯ ಶಿಶು ಆಹಾರ ಬಂದಮೇಲೆ ಎಳೆಗೂಸನ್ನು ಬೇರೆ ಮನೆಗೆ ಕೊಡುವುದು ಸಾಧ್ಯವಾಯಿತು. ಅದೇ ಹೊತ್ತಿಗೆ ದತ್ತು ಸಂಸ್ಥೆಗಳು ಬೆಳೆದವು.

ಆಗಿನ ನ್ಯೂಯಾರ್ಕ್‌ನಲ್ಲಿ ಅನಾಥ ಮಕ್ಕಳ ಆರೈಕೆ ಧರ್ಮದ ಗೆರೆಯಲ್ಲಿ ಹಂಚಿಹೋಗಿತ್ತು: ಕ್ಯಾಥೊಲಿಕ್ ಮಗುವಿಗೆ ಕ್ಯಾಥೊಲಿಕ್ ಸಂಸ್ಥೆ, ಪ್ರಾಟೆಸ್ಟೆಂಟ್ ಮಗುವಿಗೆ ಪ್ರಾಟೆಸ್ಟೆಂಟ್ ಸಂಸ್ಥೆ. ಯಹೂದಿ ಮಕ್ಕಳಿಗೆ ದೊಡ್ಡ ಅನಾಥಾಲಯಗಳಿದ್ದವು. ಕೊರತೆ ಇದ್ದದ್ದು ಮನೆ ಹುಡುಕುವವರದು. ರಬ್ಬಿ (ಯಹೂದಿ ಧರ್ಮಗುರು) ಸ್ಟೀಫನ್ ವೈಸ್ ಅವರ ಪತ್ನಿ ಲೂಯೀಸ್ ವಾಟರ್‌ಮನ್ ವೈಸ್ 1916ರಲ್ಲಿ ‘ಫ್ರೀ ಸಿನಗಾಗ್’ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಆಶ್ರಯದಲ್ಲಿ ‘ಮಕ್ಕಳ ದತ್ತು ಸಮಿತಿ’ ಕಟ್ಟಿದ್ದು ಇದಕ್ಕಾಗಿ. 1947ರಲ್ಲಿ ಅವರು ತೀರಿಕೊಂಡ ನಂತರ ಸಂಸ್ಥೆಗೆ ಅವರ ಹೆಸರು ಬಂತು. ಮಗಳು ಜಸ್ಟೀನ್ ವೈಸ್ ಪೋಲಿಯರ್ ದಶಕಗಳ ಕಾಲ ಅದರ ನಾಯಕಿಯಾಗಿದ್ದರು. ಪೋಲಿಯರ್ ನ್ಯೂಯಾರ್ಕ್‌ನ ಕೌಟುಂಬಿಕ ನ್ಯಾಯಾಲಯದಲ್ಲಿ ನ್ಯಾಯಾಧೀಶೆ. ಧರ್ಮದ ಗೆರೆಯಿಂದಾಗಿ ಕಪ್ಪು ಮಕ್ಕಳಿಗೆ ಎಲ್ಲಿಯೂ ಜಾಗ ಸಿಗದಿರುವುದನ್ನು ದಿನನಿತ್ಯ ಕಣ್ಣಾರೆ ಕಂಡವರು. 1950ರ ದಶಕದಲ್ಲಿ ಈ ಯಹೂದಿ ಸಂಸ್ಥೆ ಕಪ್ಪು ಮತ್ತು ಮಿಶ್ರ ಜನಾಂಗದ ಮಕ್ಕಳಿಗೂ ಮನೆ ಹುಡುಕಲು ಹೊರಟದ್ದರ ಹಿಂದೆ ಆ ಅನುಭವ ಇದೆ. ಬೇರೆಯವರು ತೆಗೆದುಕೊಳ್ಳದ ಮಕ್ಕಳನ್ನು ತೆಗೆದುಕೊಂಡ ಸಂಸ್ಥೆ ಅದು. ಮುಂದಿನ ಕಹಿಯನ್ನು ಓದುವಾಗ ಈ ಮಾತನ್ನು ಬಿಟ್ಟುಬಿಟ್ಟರೆ ಇತಿಹಾಸ ಅರ್ಧವಾಗುತ್ತದೆ.

ಈಗ ಆ ಕಾಲದ ಒಂದು ಕಡತ ಬಿಚ್ಚಿದರೆ ಸಾಮಾನ್ಯವಾಗಿ ಏನೇನು ಸಿಗುತ್ತದೆ ಎಂದು ಹೇಳುತ್ತೇನೆ. ಮೇಲೆ ಮುಖಪುಟ: ಮಗುವಿನ ಹುಟ್ಟು ಹೆಸರು, ದಿನಾಂಕ, ಆಸ್ಪತ್ರೆ, ಕಡತ ಸಂಖ್ಯೆ. ಆಮೇಲೆ ತಾಯಿಯೊಡನೆ ನಡೆದ ಮಾತುಕತೆಯ ಟಿಪ್ಪಣಿಗಳು, ಎಷ್ಟೋ ಸಲ ಹೆರಿಗೆಗೆ ತಿಂಗಳುಗಳ ಮುಂಚಿನಿಂದ. ಮಗುವನ್ನು ಬಿಟ್ಟುಕೊಡುವ ಒಪ್ಪಿಗೆ ಪತ್ರ. ತೂಕ, ಲಸಿಕೆ, ತಪಾಸಣೆಯ ಹಾಳೆ. ದತ್ತು ಮನೆ ಸಿಗುವವರೆಗೆ ಮಗು ಇದ್ದ ತಾತ್ಕಾಲಿಕ ಪೋಷಕ ಮನೆಯ ವರದಿ: ಎಷ್ಟು ಹಾಲು ಕುಡಿಯಿತು, ಯಾವಾಗ ಮಗುಚಿತು, ಯಾರನ್ನು ನೋಡಿ ನಕ್ಕಿತು. ದೊಡ್ಡವರಾಗಿ ಬಂದು ಕಡತ ಕೇಳುವವರಿಗೆ ಈ ಪುಟ ಚಿನ್ನದಂಥದ್ದು. ಬದುಕಿನ ಮೊದಲ ತಿಂಗಳುಗಳಿಗೆ ಬೇರೆ ಸಾಕ್ಷಿಯೇ ಇರುವುದಿಲ್ಲ. ಜೊತೆಗೆ ಮನೋವಿಜ್ಞಾನಿಯ ಬೆಳವಣಿಗೆ ಪರೀಕ್ಷೆ. ದತ್ತು ಕೇಳಿದ ದಂಪತಿಯ ಗೃಹ ಅಧ್ಯಯನ, ಅಂದರೆ ಅವರ ಮನೆಯ ವಿಚಾರಣೆಯ ವರದಿ, ಬೇರೆ ಕಡತದಲ್ಲಿ. ಮಗು ಮನೆ ಸೇರಿದ ಮೇಲೆ ಮೇಲ್ವಿಚಾರಣೆಯ ಭೇಟಿ ವರದಿಗಳು, ಕೊನೆಗೆ ನ್ಯಾಯಾಲಯದ ಆದೇಶ. ಆದೇಶ ಬಂದೊಡನೆ ಹಳೆಯ ಜನನ ಪ್ರಮಾಣಪತ್ರಕ್ಕೆ ಮೊಹರು. ಹೊಸ ಪ್ರಮಾಣಪತ್ರದಲ್ಲಿ ದತ್ತು ತಂದೆತಾಯಿಯೇ ಹೆತ್ತವರು.

ಆ ಗೃಹ ಅಧ್ಯಯನದ ಹಿಂದೆ ಒಂದು ನಂಬಿಕೆ ಕೆಲಸ ಮಾಡುತ್ತಿತ್ತು: ಮಗುವನ್ನೂ ಮನೆಯನ್ನೂ ‘ಹೊಂದಿಸಬೇಕು’. ಧರ್ಮ, ಮೈಬಣ್ಣ, ಕೂದಲು, ಬುದ್ಧಿಮತ್ತೆ ಎಲ್ಲ ಹೊಂದಬೇಕು. ಹುಟ್ಟಿದ ಮಗುವಿನಂತೆಯೇ ಕಾಣಬೇಕು. ಹೊಂದಿಸುವ ಹಟದಲ್ಲಿ ಮಗು ತಿಂಗಳುಗಟ್ಟಲೆ ಪೋಷಕ ಮನೆಯಲ್ಲಿ ಕಾದು, ಆ ಮನೆಗೆ ಅಂಟಿಕೊಂಡ ಮೇಲೆ ಅಲ್ಲಿಂದ ಕೀಳಿಸಿಕೊಂಡು ಹೋಗುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಬಿಳಿಯ ಶಿಶುಗಳನ್ನು ಕೇಳುವ ದಂಪತಿಗಳು ಶಿಶುಗಳಿಗಿಂತ ಎಷ್ಟೋ ಪಾಲು ಹೆಚ್ಚಾದರು. ಸಂಸ್ಥೆ ಅರ್ಜಿದಾರರನ್ನು ಆರಿಸುವ ಸ್ಥಾನಕ್ಕೇರಿತು. ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನೂ ಅದೇ ನಿರ್ಧರಿಸಿತು. ಪ್ರಶ್ನೆ ಕೇಳುವ ದಂಪತಿಗೆ ಮಗು ತಪ್ಪಿಹೋಗುವ ಭಯ. ಕೇಳುವವರಿಲ್ಲದ ಕಡೆ ಕೆಟ್ಟ ನಿರ್ಧಾರ ದೀರ್ಘಕಾಲ ಉಳಿಯುತ್ತದೆ.

ಅಂಥ ನಿರ್ಧಾರಗಳಲ್ಲಿ ಅತ್ಯಂತ ಹೆಸರಾದದ್ದು ಅವಳಿಗಳದ್ದು. ಸಂಸ್ಥೆಯ ಸಲಹೆಗಾರ್ತಿ, ಮನೋವೈದ್ಯೆ ವಯೋಲಾ ಬರ್ನಾರ್ಡ್, ಒಂದೇ ರೂಪದ ಅವಳಿಗಳನ್ನು ಬೇರೆ ಬೇರೆ ಮನೆಗೆ ಕೊಟ್ಟರೆ ಪ್ರತಿ ಮಗುವಿಗೂ ಪೂರ್ತಿ ಗಮನ ಸಿಗುತ್ತದೆ, ತನ್ನತನ ಬೆಳೆಯುತ್ತದೆ ಎಂದು ನಂಬಿದ್ದರು. 1960ರ ದಶಕದಲ್ಲಿ ಸಂಸ್ಥೆ ಅವಳಿಗಳನ್ನು ಹಾಗೆ ಬೇರೆ ಮಾಡಿತು. ಒಂದು ಸಲ ತ್ರಿವಳಿಗಳನ್ನೂ. ಮನೋವಿಶ್ಲೇಷಕ ಪೀಟರ್ ನ್ಯೂಬಾವರ್ ಅವರ ತಂಡ ಆ ಮನೆಗಳಿಗೆ ವರ್ಷಗಟ್ಟಲೆ ಹೋಗಿ ಪರೀಕ್ಷೆ ನಡೆಸಿತು, ಚಿತ್ರೀಕರಿಸಿತು. ಮಕ್ಕಳ ಬೆಳವಣಿಗೆಯ ಅಧ್ಯಯನ ಎಂದಷ್ಟೇ ದತ್ತು ತಂದೆತಾಯಿಗೆ ತಿಳಿದಿತ್ತು. ಇನ್ನೊಂದು ಮಗು ಇದೆ ಎಂಬುದು ತಿಳಿದಿರಲಿಲ್ಲ. 1980ರಲ್ಲಿ, ಹತ್ತೊಂಬತ್ತರ ವಯಸ್ಸಿನ ಮೂವರು ಸಹೋದರರು ಆಕಸ್ಮಿಕವಾಗಿ ಒಬ್ಬರನ್ನೊಬ್ಬರು ಕಂಡುಕೊಂಡಾಗ ವಿಷಯ ಬಯಲಾಯಿತು. ಅಧ್ಯಯನದ ಕಾಗದಪತ್ರಗಳು ಈಗ ಯೇಲ್ ವಿಶ್ವವಿದ್ಯಾಲಯದಲ್ಲಿವೆ, 2065ರವರೆಗೆ ಮುಚ್ಚಿದ ಸ್ಥಿತಿಯಲ್ಲಿ. ಅಷ್ಟರಲ್ಲಿ ಆ ಮಕ್ಕಳಿಗೆ ನೂರರ ಹತ್ತಿರ ವಯಸ್ಸಾಗಿರುತ್ತದೆ. ಯಾರ ಬದುಕನ್ನು ಬರೆದಿಟ್ಟರೋ ಅವರಿಗೇ ಅದು ಸಿಗದಂತೆ ಬೀಗ ಹಾಕುವುದನ್ನು ಯಾವ ಗೋಪ್ಯತೆಯ ಹೆಸರಿನಲ್ಲೂ ಒಪ್ಪಲಾಗದು.

ಇನ್ನೊಂದು ತಪ್ಪು ಇದಕ್ಕಿಂತ ಸದ್ದಿಲ್ಲದ್ದು, ಆದರೆ ಹೆಚ್ಚು ಸಂಸ್ಥೆಗಳಲ್ಲಿ ನಡೆದದ್ದು: ಹೆತ್ತವರ ಕಾಯಿಲೆಯನ್ನು ಕಡತದಲ್ಲಿ ಬರೆದು, ದತ್ತು ಮನೆಗೆ ಹೇಳದಿರುವುದು. ಆ ಕಾಲದ ಮನೋವಿಜ್ಞಾನ ಬೆಳೆಸಿದ ವಾತಾವರಣವೇ ಎಲ್ಲ ಎನ್ನುತ್ತಿತ್ತು. ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಹೆಸರು ಕೇಳಿದರೆ ತಂದೆತಾಯಿ ಮಗುವನ್ನು ಅನುಮಾನದಿಂದ ನೋಡುತ್ತಾರೆ, ಆದ್ದರಿಂದ ಹೇಳದಿರುವುದೇ ಕರುಣೆ ಎಂದು ಕಾರ್ಯಕರ್ತೆಯರು ತಿಳಿದಿದ್ದರು. ಮಗು ಹದಿಹರೆಯದಲ್ಲಿ ಕಾಯಿಲೆ ಬಿದ್ದಾಗ ವೈದ್ಯರಿಗೆ ಕೊಡಲು ಮನೆಯವರ ಬಳಿ ಏನೂ ಇರಲಿಲ್ಲ; ಚಿಕಿತ್ಸೆ ವರ್ಷಗಟ್ಟಲೆ ದಾರಿ ತಪ್ಪಿತು. ಓಹಾಯೋ ರಾಜ್ಯದ ಸುಪ್ರೀಂ ಕೋರ್ಟ್ 1986ರಲ್ಲಿ ಇಂಥ ಒಂದು ಮೊಕದ್ದಮೆಯಲ್ಲಿ ದತ್ತು ತಂದೆತಾಯಿಗೆ 1,25,000 ಡಾಲರ್ ಪರಿಹಾರ ಎತ್ತಿಹಿಡಿಯಿತು. ಅಲ್ಲಿ ಮಗು ಕೊಟ್ಟದ್ದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಸರ್ಕಾರಿ ಇಲಾಖೆ. 1990ರ ದಶಕದಲ್ಲಿ ಲೂಯೀಸ್ ವೈಸ್ ಸಂಸ್ಥೆಯ ಮೇಲೂ ಇದೇ ಬಗೆಯ ದಾವೆ ನ್ಯೂಯಾರ್ಕ್ ನ್ಯಾಯಾಲಯಕ್ಕೆ ಬಂತು. ‘ತಪ್ಪು ಮಾಹಿತಿಯ ದತ್ತು’ ಎಂಬುದು ಅಮೆರಿಕದ ಕಾನೂನಿನಲ್ಲಿ ನೆಲೆ ಕಂಡದ್ದು ಹೀಗೆ.

ಕಡತದ ಮೂರನೇ ಪಾಠ ಅಮೆರಿಕದ ಮೂಲನಿವಾಸಿ ಮಕ್ಕಳದ್ದು; ಅವರನ್ನು ಅಲ್ಲಿ ‘ಇಂಡಿಯನ್’ ಎನ್ನುತ್ತಿದ್ದರು. 1958ರಿಂದ 1967ರವರೆಗೆ ಸರ್ಕಾರದ ಇಂಡಿಯನ್ ವ್ಯವಹಾರಗಳ ಇಲಾಖೆ ಮತ್ತು ಮಕ್ಕಳ ಕಲ್ಯಾಣ ಸಂಸ್ಥೆಗಳ ಒಕ್ಕೂಟವಾದ ‘ಚೈಲ್ಡ್ ವೆಲ್ಫೇರ್ ಲೀಗ್ ಆಫ್ ಅಮೆರಿಕ’ ಸೇರಿ 395 ಮಕ್ಕಳನ್ನು ಬುಡಕಟ್ಟುಗಳಿಂದ ದೂರದ, ಬಹುತೇಕ ಬಿಳಿಯರ ಮನೆಗಳಿಗೆ ಕೊಟ್ಟವು; ಲೂಯೀಸ್ ವೈಸ್ ಕೂಡ ಪಾಲ್ಗೊಂಡಿತ್ತು. 1978ರ ‘ಇಂಡಿಯನ್ ಚೈಲ್ಡ್ ವೆಲ್ಫೇರ್ ಕಾಯ್ದೆ’ ಇಂಥ ದತ್ತುಗಳಿಗೆ ತಡೆ ಹಾಕಿತು, 2001ರಲ್ಲಿ ಲೀಗ್ ಬಹಿರಂಗವಾಗಿ ಕ್ಷಮೆ ಕೇಳಿತು. ವ್ಯವಹಾರದ ಮಾತು ಹೇಳುವುದಾದರೆ, ಈ ಕಡತಗಳಲ್ಲಿ ಬುಡಕಟ್ಟಿನ ಹೆಸರು ಸರಿಯಾಗಿ ದಾಖಲಾಗಿದೆಯೇ ಎಂಬುದೊಂದೇ ಸಾಲು ಒಬ್ಬರ ಬುಡಕಟ್ಟು ಸದಸ್ಯತ್ವವನ್ನು ನಿರ್ಧರಿಸುತ್ತದೆ. ‘ತಾಯಿ: ಇಂಡಿಯನ್’ ಎಂದಷ್ಟೇ ಬರೆದು ಮುಗಿಸಿದ ಟಿಪ್ಪಣಿ ಒಂದು ವಂಶದ ಬಾಗಿಲನ್ನೇ ಮುಚ್ಚುತ್ತದೆ.

ಶುಲ್ಕದ ಪ್ರಶ್ನೆಗೆ ಬರೋಣ. ಲಾಭರಹಿತ ಎಂದರೆ ಹಣ ಪಡೆಯಬಾರದು ಎಂದಲ್ಲ. ಉಳಿದ ಹಣ ಯಾರ ಕಿಸೆಗೂ ಹೋಗಬಾರದು ಎಂದು ಅರ್ಥ. ಸಂಬಳ ಕೊಡಬಹುದು, ಮಿಗತೆ ಇಟ್ಟುಕೊಳ್ಳಬಹುದು, ಪಾಲು ಹಂಚುವಂತಿಲ್ಲ. ಮೊದಲ ಪೀಳಿಗೆಯ ಸಂಸ್ಥೆಗಳು ದೇಣಿಗೆಯಿಂದ ನಡೆದವು. ಶುಲ್ಕ ಪಡೆದರೆ ಮಗುವನ್ನು ಮಾರಿದಂತೆ ಕಂಡೀತೆಂದು ಅಂಜುತ್ತಿದ್ದವು. ಅಂಜಿಕೆಗೆ ಕಾರಣವಿತ್ತು. ಮೆಂಫಿಸ್‌ನಲ್ಲಿ ಜಾರ್ಜಿಯಾ ಟ್ಯಾನ್ ನಡೆಸುತ್ತಿದ್ದ ‘ಟೆನ್ನೆಸ್ಸಿ ಚಿಲ್ಡ್ರನ್ಸ್ ಹೋಮ್ ಸೊಸೈಟಿ’ಯ ಶಾಖೆ ಕೂಡ ಕಾಗದದ ಮೇಲೆ ಧರ್ಮಸಂಸ್ಥೆಯೇ. ಬಡವರ ಮಕ್ಕಳನ್ನು ಮೋಸದಿಂದ ಕಿತ್ತು, ಹೊರರಾಜ್ಯದ ಶ್ರೀಮಂತರಿಗೆ ಕೊಟ್ಟು ಹಣ ಮಾಡಿದ ಆ ಹಗರಣ 1950ರಲ್ಲಿ ಬಯಲಾಯಿತು. ಹಾಗಾಗಿ ಶುಲ್ಕ ಇದೆಯೋ ಇಲ್ಲವೋ ಎಂದು ನೋಡಿ ಸಂಸ್ಥೆಯನ್ನು ಅಳೆಯಬೇಡಿ. ಶುಲ್ಕ ಯಾವ ಕೆಲಸಕ್ಕೆ, ಕೆಲಸ ನಡೆದ ಮೇಲೋ ಮುಂಚೆಯೋ, ಮಗು ಸಿಗದಿದ್ದರೂ ಪೂರ್ತಿ ಕೊಡಬೇಕೋ, ಮಗುವಿನ ಬಣ್ಣಕ್ಕೆ ತಕ್ಕಂತೆ ದರ ಬದಲಾಗುತ್ತದೋ: ಇವನ್ನು ನೋಡಿ. ಅಮೆರಿಕದ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ವರ್ಷವರ್ಷ ಸಲ್ಲಿಸುವ ‘ಫಾರ್ಮ್ 990’ರ ಇತ್ತೀಚಿನ ಮೂರು ವರ್ಷದ ಪ್ರತಿಯನ್ನು ಕೇಳಿದವರಿಗೆ ತೋರಿಸಲೇಬೇಕು. ಅದರಲ್ಲಿ ಸೇವಾ ಶುಲ್ಕದ ವರಮಾನ ಮತ್ತು ದೇಣಿಗೆ ಬೇರೆ ಬೇರೆ ಸಾಲಿನಲ್ಲಿರುತ್ತವೆ, ಮುಖ್ಯಸ್ಥರ ಸಂಬಳವೂ ಇರುತ್ತದೆ. ಹತ್ತು ವರ್ಷದ ಫಾರ್ಮ್‌ಗಳನ್ನು ಪಕ್ಕಪಕ್ಕ ಇಟ್ಟರೆ, ಶುಲ್ಕದ ಪಾಲು ಏರುತ್ತಾ ದೇಣಿಗೆಯ ಪಾಲು ಇಳಿಯುತ್ತಿರುವ ಸಂಸ್ಥೆ ದತ್ತುಗಳ ಸಂಖ್ಯೆ ಕುಸಿದ ದಿನ ಉಸಿರು ಕಟ್ಟುತ್ತದೆ ಎಂಬುದು ಮೊದಲೇ ಕಾಣುತ್ತದೆ.

ಇಂಥ ಸಂಸ್ಥೆಗಳು ಮುಚ್ಚುವುದರ ಹಿಂದಿನ ಕಾರಣವೂ ಅದೇ. 1960ರಲ್ಲಿ ಗರ್ಭನಿರೋಧಕ ಮಾತ್ರೆ, 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ, 1973ರಲ್ಲಿ ದೇಶವಿಡೀ. ಅದಕ್ಕಿಂತ ಮುಖ್ಯವಾಗಿ, ಮದುವೆಯಾಗದೆ ಹೆತ್ತವಳು ಮಗುವನ್ನು ತಾನೇ ಸಾಕಿಕೊಳ್ಳುವುದನ್ನು ಸಮಾಜ ಸಹಿಸತೊಡಗಿತು. ದತ್ತು ಕೊಡಲು ಶಿಶುಗಳೇ ಇಲ್ಲವಾದಾಗ ಸಂಸ್ಥೆಗಳಿಗೆ ಮೂರು ದಾರಿ ಉಳಿದವು: ಸರ್ಕಾರದ ಹಣದ ಮೇಲೆ ನಡೆಯುವ ಪೋಷಕ ಆರೈಕೆ, ಹೊರದೇಶದ ದತ್ತು, ಆಪ್ತಸಲಹೆ. ಹೊರದೇಶದ ದಾರಿ ಹಿಡಿದವರಿಗೆ ಎರಡನೇ ಹೊಡೆತ ಬಿತ್ತು. ಅಮೆರಿಕಕ್ಕೆ ಹೊರದೇಶಗಳಿಂದ ಬಂದ ದತ್ತು ಮಕ್ಕಳ ಸಂಖ್ಯೆ 2004ರಲ್ಲಿ ಸುಮಾರು 23,000 ಮುಟ್ಟಿ, 2020ರ ಹೊತ್ತಿಗೆ 2,000ಕ್ಕೂ ಕೆಳಗಿಳಿಯಿತು. 2024ರಲ್ಲಿ ಚೀನಾ ಕೂಡ ಕೆಲವು ಸಂಬಂಧಿಕರ ದತ್ತು ಬಿಟ್ಟು ಬಾಗಿಲು ಹಾಕಿತು. ಒಂದು ದತ್ತು ಸಂಸ್ಥೆ ಮುಚ್ಚಿತೆಂದರೆ ಅದು ಯಾವಾಗಲೂ ದುಃಖದ ಸುದ್ದಿಯಲ್ಲ. ತಾಯಂದಿರು ಮಗುವನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬುದೂ ಅದರಲ್ಲಿದೆ.

2004ರಲ್ಲಿ ಲೂಯೀಸ್ ವೈಸ್ ಮುಚ್ಚಿದಾಗ ಅದರ ದತ್ತು ಕಡತಗಳು ನ್ಯೂಯಾರ್ಕ್‌ನ ಮತ್ತೊಂದು ಲಾಭರಹಿತ ಸಂಸ್ಥೆ ‘ಸ್ಪೆನ್ಸ್-ಚಾಪಿನ್’ ಕೈಗೆ ಬಂದವು. ಆ ಚಾಪಿನ್ ಯಾರು ಗೊತ್ತೇ? ಮೇಲೆ ಹೇಳಿದ ಡಾ. ಹೆನ್ರಿ ಚಾಪಿನ್ ಅವರ ಪತ್ನಿ ಆಲಿಸ್. ಅವರ ಹೆಸರಿನ ಶಿಶುಗೃಹ ಮತ್ತು ಕ್ಲಾರಾ ಸ್ಪೆನ್ಸ್ ಅವರ ಶಾಲೆಯ ಹಳೆಯ ವಿದ್ಯಾರ್ಥಿನಿಯರು ನಡೆಸುತ್ತಿದ್ದ ಶಿಶುಗೃಹ 1943ರಲ್ಲಿ ಒಂದಾಗಿದ್ದವು. ಪ್ರಾಟೆಸ್ಟೆಂಟ್ ಮೂಲದ ಸಂಸ್ಥೆ ಯಹೂದಿ ಸಂಸ್ಥೆಯ ನೆನಪನ್ನು ಹೊತ್ತುಕೊಂಡಿದೆ. ಕಡತ ಹಸ್ತಾಂತರದಲ್ಲಿ ಹಾಳಾಗುವುದು ಹೆಚ್ಚಾಗಿ ಹಾಳೆಗಳಲ್ಲ, ಸೂಚಿ. ಮಗುವಿನ ಕಡತ ಹೆತ್ತ ತಾಯಿಯ ಹೆಸರಿನಲ್ಲಿ, ದಂಪತಿಯ ಕಡತ ಅವರ ಹೆಸರಿನಲ್ಲಿ, ಎರಡನ್ನೂ ಜೋಡಿಸುವುದು ಒಂದು ಪುಟ್ಟ ಕಾರ್ಡು. ಆ ಕಾರ್ಡಿನ ಪೆಟ್ಟಿಗೆ ತಪ್ಪಿಹೋದರೆ ಎಲ್ಲ ಕಡತ ಇದ್ದೂ ಯಾರ ಕಡತ ಯಾರದ್ದೋ. ಆದ್ದರಿಂದ ಸಂಸ್ಥೆ ಮುಚ್ಚುವವರಿಗೆ ಹೇಳುವ ಮೊದಲ ಮಾತು: ಕಡತಕ್ಕಿಂತ ಮುಂಚೆ ಸೂಚಿಯನ್ನು ಎರಡು ಪ್ರತಿ ಮಾಡಿ. ಎರಡನೇ ಅಪಾಯ ಮೈಕ್ರೋಫಿಲ್ಮ್, ಅಂದರೆ ಹಾಳೆಗಳನ್ನು ಪುಟ್ಟದಾಗಿ ಚಿತ್ರಿಸಿಟ್ಟ ಫಿಲ್ಮ್ ಸುರುಳಿ. ಚಿತ್ರೀಕರಿಸುವಾಗ ಹಾಳೆಯ ಹಿಂಬದಿ ಬಿಟ್ಟುಹೋಗುತ್ತದೆ, ಪಿನ್ ಮಾಡಿದ ಛಾಯಾಚಿತ್ರ ಕಳಚಿಕೊಳ್ಳುತ್ತದೆ, ಆಮೇಲೆ ಮೂಲವನ್ನೇ ನಾಶ ಮಾಡಿರುತ್ತಾರೆ. ಅಸಿಟೇಟ್ ಎಂಬ ಹಳೆಯ ಬಗೆಯ ಫಿಲ್ಮ್ ಸುರುಳಿಯ ಡಬ್ಬ ತೆರೆದೊಡನೆ ವಿನಿಗರ್ ವಾಸನೆ ಹೊಡೆದರೆ ಫಿಲ್ಮ್ ಕೊಳೆಯುತ್ತಿದೆ ಎಂದೇ ಅರ್ಥ. ಅದನ್ನು ಬೇರೆ ಸುರುಳಿಗಳಿಂದ ದೂರ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಬೇಕು.

ಇನ್ನು ಇತಿಹಾಸ ಬರೆಯುವ ಕ್ರಮ. ಮೊದಲು ಸಂಸ್ಥೆಯ ಎಲ್ಲ ಹೆಸರುಗಳ ಪಟ್ಟಿ, ಪ್ರತಿ ಹೆಸರಿಗೂ ಆರಂಭ ಮತ್ತು ಅಂತ್ಯದ ವರ್ಷ. ‘ಮಕ್ಕಳ ದತ್ತು ಸಮಿತಿ’ ಎಂದು ಹುಡುಕದೆ ‘ಲೂಯೀಸ್ ವೈಸ್’ ಎಂದಷ್ಟೇ ಹುಡುಕಿದವರು ಮೊದಲ ಮೂವತ್ತು ವರ್ಷಗಳನ್ನೇ ಕಳೆದುಕೊಳ್ಳುತ್ತಾರೆ. ರಾಜ್ಯದ ನೋಂದಣಿ ಪತ್ರ, ಪರವಾನಗಿ, ವಿಲೀನದ ಆದೇಶ ಇದಕ್ಕೆ ಆಧಾರ. ಎರಡನೆಯದು ವಾರ್ಷಿಕ ವರದಿಗಳು. ಅವುಗಳ ಅಂಕಿಯನ್ನು ನಂಬುವ ಮುಂಚೆ ಒಂದು ತಾಳೆ ನೋಡಿ: ವರ್ಷದ ಆರಂಭಕ್ಕೆ ಇದ್ದ ಮಕ್ಕಳು, ಹೊಸದಾಗಿ ಬಂದವರು, ಇವೆರಡರ ಮೊತ್ತ ಒಂದು ಕಡೆ; ದತ್ತು ಮನೆಗೆ ಹೋದವರು, ಹೆತ್ತವರ ಬಳಿಗೆ ಮರಳಿದವರು, ಬೇರೆ ಸಂಸ್ಥೆಗೆ ಹೋದವರು, ತೀರಿಕೊಂಡವರು, ವರ್ಷದ ಕೊನೆಗೆ ಉಳಿದವರು, ಇವರೆಲ್ಲರ ಮೊತ್ತ ಇನ್ನೊಂದು ಕಡೆ. ಎರಡೂ ಸಮ ಇರಬೇಕು. ಇಲ್ಲದಿದ್ದರೆ ಬಿಟ್ಟುಹೋದ ಸಾಲು ಸಾವಿನದ್ದೋ ಮರಳಿ ಬಂದವರದ್ದೋ ಎಂದು ಹುಡುಕಿ. ‘ಮನೆ ಸೇರಿದವರು’ ಮತ್ತು ‘ದತ್ತಾದವರು’ ಬೇರೆ ಬೇರೆ ಎಂಬುದೂ ನೆನಪಿರಲಿ. ನಡುವೆ ಪರೀಕ್ಷಾ ಅವಧಿ ಇರುವುದರಿಂದ, ಈ ವರ್ಷ ಮನೆ ಸೇರಿದ ಮಗು ಮುಂದಿನ ವರ್ಷದ ನ್ಯಾಯಾಲಯದ ಪಟ್ಟಿಯಲ್ಲಿ ಬರುತ್ತದೆ. ಎರಡನ್ನೂ ಕೂಡಿಸಿದರೆ ಒಂದೇ ಮಗು ಎರಡು ಸಲ ಎಣಿಕೆಯಾಗುತ್ತದೆ. ‘ಇಲ್ಲಿಯವರೆಗೆ ಇಷ್ಟು ಸಾವಿರ ಮಕ್ಕಳು’ ಎಂಬ ಉಬ್ಬಿದ ಲೆಕ್ಕಗಳು ಎಷ್ಟೋ ಸಲ ಹೀಗೇ ಹುಟ್ಟುತ್ತವೆ.

ಆಮೇಲೆ ಮಂಡಳಿಯ ನಡಾವಳಿ ಪುಸ್ತಕ. ನೀತಿ ಬದಲಾದ ದಿನಾಂಕ, ವಿರೋಧಿಸಿದವರ ಹೆಸರು, ವಕೀಲರ ಸಲಹೆ ಅಲ್ಲಿರುತ್ತವೆ. ನಾಯಕರ ಖಾಸಗಿ ಸಂಗ್ರಹಗಳು ಇದಕ್ಕೆ ಪೂರಕ: ಪೋಲಿಯರ್ ಅವರ ಪತ್ರಗಳು ಹಾರ್ವರ್ಡ್‌ನ ಶ್ಲೆಸಿಂಗರ್ ಗ್ರಂಥಾಲಯದಲ್ಲಿ, ಬರ್ನಾರ್ಡ್ ಅವರದ್ದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಚೈಲ್ಡ್ ವೆಲ್ಫೇರ್ ಲೀಗ್‌ನ ದಾಖಲೆಗಳು ಮಿನ್ನೆಸೋಟ ವಿಶ್ವವಿದ್ಯಾಲಯದ ಸಮಾಜ ಕಲ್ಯಾಣ ಸಂಗ್ರಹದಲ್ಲಿವೆ. ಮಕ್ಕಳ ಕಡತಗಳು ಸಂಶೋಧಕರಿಗಲ್ಲ. ಅನುಮತಿ ಸಿಕ್ಕರೂ ಹೆಸರು ತೆಗೆದರೆ ಸಾಲದು. ಹುಟ್ಟಿದ ದಿನ, ಊರು, ಅಪರೂಪದ ಕಾಯಿಲೆ ಮೂರೂ ಒಟ್ಟಿಗೆ ಬಂದರೆ ಗುರುತು ಸಿಕ್ಕಿಬಿಡುತ್ತದೆ.

ಕೇಳುವವರು ಸ್ವತಃ ಅಲ್ಲಿಂದ ದತ್ತಾದವರಾದರೆ ದಾರಿ ಬೇರೆ. 2020ರ ಜನವರಿ 15ರಿಂದ, ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ, 18 ತುಂಬಿದ ದತ್ತು ವ್ಯಕ್ತಿಗಳು ತಮ್ಮ ಮೂಲ ಜನನ ಪ್ರಮಾಣಪತ್ರ ಕೇಳಿ ಪಡೆಯಬಹುದು. ಮೊದಲು ಅದನ್ನು ಪಡೆಯಿರಿ, ಏಕೆಂದರೆ ಹಳೆಯ ಸೂಚಿ ಹುಟ್ಟು ಹೆಸರಿನಲ್ಲಿರುತ್ತದೆ. ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದವರು ನಗರದ ಆರೋಗ್ಯ ಇಲಾಖೆಗೆ, ಉಳಿದವರು ರಾಜ್ಯದ ಇಲಾಖೆಗೆ ಅರ್ಜಿ ಹಾಕಬೇಕು. ತಪ್ಪು ಕಚೇರಿಗೆ ಹೋದ ಅರ್ಜಿಯಿಂದ ತಿಂಗಳುಗಳು ಹೋಗುತ್ತವೆ. ಪ್ರಮಾಣಪತ್ರ ಕೈಗೆ ಬಂದಮೇಲೆ ಕಡತ ಇಟ್ಟುಕೊಂಡ ಸಂಸ್ಥೆಗೆ ಪತ್ರ ಬರೆದು, ಗುರುತು ಬಿಟ್ಟುಕೊಡದ ಮಾಹಿತಿ ಕೇಳಿ. ಪತ್ರದಲ್ಲಿ ಮೂರನ್ನು ಬಿಡಿಸಿ ಬರೆಯಿರಿ: ಹೆತ್ತವರ ಆರೋಗ್ಯದ ವಿವರ, ಪೋಷಕ ಮನೆಯ ವರದಿ, ಒಡಹುಟ್ಟಿದವರ ಉಲ್ಲೇಖ. ‘ನನ್ನ ಕಡತ ಕೊಡಿ’ ಎಂದಷ್ಟೇ ಕೇಳಿದವರಿಗೆ ಒಂದು ಪುಟದ ಸಾರಾಂಶ ಬರುತ್ತದೆ. ಬಿಡಿಸಿ ಕೇಳಿದವರಿಗೆ ಯಾರೋ ಒಬ್ಬರು ಕುಳಿತು ಆ ಹಾಳೆಗಳನ್ನು ಹುಡುಕಬೇಕಾಗುತ್ತದೆ.